‘ಸೂಪರ್ ಮೇಡಂ’ ಸಾಲದು: ಗಿರಾಕಿಗಳ ಮಾತು ಬರೆಸಿಕೊಳ್ಳುವುದು ಹೇಗೆ

ನನ್ನ ಅತ್ತಿಗೆ ಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಅರ್ಧಕ್ಕಿಂತ ಜಾಸ್ತಿ ಗಿರಾಕಿಗಳು ಬೆಂಗಳೂರಿನವರು, ಉಳಿದವರು ಹುಬ್ಬಳ್ಳಿ, ಮೈಸೂರು ಕಡೆಯವರು. ವ್ಯವಹಾರವೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. ಹೋದ ವರ್ಷ ಹೊಸ ಲೇಬಲ್ ಮಾಡಿಸುವಾಗ ಹಿಂಬದಿಗೆ ಗಿರಾಕಿಗಳ ಎರಡು ಮಾತು ಹಾಕೋಣ ಅಂತ ಅವರ ಫೋನ್ ಹಿಡಿದು ಕೂತೆ. ಒಂದೂವರೆ ಗಂಟೆ ಹುಡುಕಿದೆ. ಸಿಕ್ಕಿದ್ದು ‘ಸೂಪರ್ ಮೇಡಂ’, ‘ಚೆನ್ನಾಗಿತ್ತು’, ‘ಪಾರ್ಸೆಲ್ ಸಿಕ್ತು’, ಮತ್ತೆ ಲೆಕ್ಕವಿಲ್ಲದಷ್ಟು ಹೆಬ್ಬೆರಳು.

ಹಾಗಂತ ಜನ ಹೊಗಳುವುದಿಲ್ಲ ಅಂತಲ್ಲ. ಫೋನ್ ಮಾಡಿ ಹತ್ತು ನಿಮಿಷ ಹೊಗಳುತ್ತಾರೆ, ಅಜ್ಜಿಮನೆ ಭರಣಿಯಿಂದ ಶುರು ಮಾಡಿ ಸೊಸೆ ಬೆರಳು ಚೀಪಿದಳು ಅನ್ನುವವರೆಗೆ ಹೇಳುತ್ತಾರೆ, ಫೋನ್ ಇಟ್ಟ ಮೇಲೆ ಅದರಲ್ಲಿ ಒಂದಕ್ಷರವೂ ಎಲ್ಲೂ ಉಳಿಯುವುದಿಲ್ಲ. ದೂರಿನ ಕತೆ ಇನ್ನೂ ಕಷ್ಟ. ಹೇಳಿದರೆ ಬೇಜಾರು ಮಾಡ್ಕೋತಾರೆ ಅಂತ ಬಾಯಿ ಬಿಡುವುದಿಲ್ಲ, ಮುಂದಿನ ಸಲ ಸುಮ್ನೆ ಬೇರೆ ಕಡೆ ತರಿಸುತ್ತಾರೆ.

ಅವತ್ತಿನಿಂದ ನಾವು ಕಟ್ಟಿಕೊಂಡ ಪುಟ್ಟ ವ್ಯವಸ್ಥೆಯನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉಪ್ಪಿನಕಾಯಿಯ ಬದಲು ನಿಮ್ಮದು ಹೋಮ್‌ಸ್ಟೇ, ಟೈಲರಿಂಗ್, ಟ್ಯೂಷನ್ ಏನಾದರೂ ಇರಲಿ, ದಾರಿ ಇದೇ.

ಮೊದಲು ಟೂಲ್ ವಿಷಯ ಮುಗಿಸೋಣ

ಇದಕ್ಕೆಂದೇ ಇರುವ ಟೂಲ್‌ಗಳಿವೆ. ಟೆಸ್ಟಿಮೋನಿಯಲ್ ಡಾಟ್ ಟು, ಸೆಂಜಾ, ಹೀಗೆ ಹಲವು. ಅವು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ: ನಿಮಗೊಂದು ಲಿಂಕ್ ಕೊಡುತ್ತವೆ, ಗಿರಾಕಿ ಅದನ್ನು ತೆರೆದು ಬರೆಯಬಹುದು ಇಲ್ಲವೇ ಫೋನ್ ಕ್ಯಾಮೆರಾದಲ್ಲೇ ವಿಡಿಯೊ ಮಾಡಿ ಕಳಿಸಬಹುದು, ನೀವು ನೋಡಿ ಒಪ್ಪಿದ ಮೇಲೆ ಅದು ನಿಮ್ಮ ವೆಬ್‌ಸೈಟ್‌ನಲ್ಲಿ ಚೆಂದವಾಗಿ ಕಾಣುತ್ತದೆ. ವೆಬ್‌ಸೈಟ್ ಇದ್ದವರಿಗೆ ಒಳ್ಳೆಯದೇ. ಅತ್ತಿಗೆಗೆ ವೆಬ್‌ಸೈಟ್ ಇಲ್ಲ. ತಿಂಗಳಿಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟುವಷ್ಟು ವ್ಯಾಪಾರವೂ ಸದ್ಯಕ್ಕಿಲ್ಲ. ಅದಕ್ಕೇ ನಾವು ಗೂಗಲ್ ಫಾರ್ಮ್ಸ್ ಹಿಡಿದೆವು. ಪುಕ್ಕಟೆ, ಕನ್ನಡದಲ್ಲಿ ಪ್ರಶ್ನೆ ಬರೆಯಬಹುದು, ಬಂದ ಉತ್ತರ ಎಲ್ಲ ಗೂಗಲ್ ಶೀಟ್ಸ್‌ನಲ್ಲಿ ಸಾಲಾಗಿ ಕೂರುತ್ತದೆ.

ಮುಂದೆ ದೊಡ್ಡ ಟೂಲ್‌ಗೆ ಹೋಗುವುದಾದರೆ ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಅಲ್ಲಿ ಕೂಡಿಟ್ಟದ್ದನ್ನೆಲ್ಲ ಒಂದು ಫೈಲ್ ಮಾಡಿ ಇಳಿಸಿಕೊಳ್ಳಲು ಬಿಡುತ್ತಾರಾ? ಬಿಡದಿದ್ದರೆ ಬೇಡವೇ ಬೇಡ.

ಫಾರ್ಮ್ ಕಟ್ಟುವುದು

ಗೂಗಲ್ ಫಾರ್ಮ್ಸ್‌ಗೆ ಬೇರೆ ಆ್ಯಪ್ ಇಲ್ಲ, ಬ್ರೌಸರ್‌ನಲ್ಲೇ ತೆರೆಯಬೇಕು. ಫೋನ್‌ನಲ್ಲೂ ಆಗುತ್ತದೆ, ಆದರೆ ಮಾಡುವಾಗ ಲ್ಯಾಪ್‌ಟಾಪ್ ಇದ್ದರೆ ಜೀವ ತಣ್ಣಗಿರುತ್ತದೆ. ಬ್ಲ್ಯಾಂಕ್ ಫಾರ್ಮ್ ಒತ್ತಿ, ಹೆಸರು ಕೊಡಿ. ‘ಕಸ್ಟಮರ್ ಫೀಡ್‌ಬ್ಯಾಕ್ ಫಾರ್ಮ್’ ಅಂತ ಹಾಕಬೇಡಿ, ಬ್ಯಾಂಕಿನವರು ಕಳಿಸಿದ ಹಾಗಿರುತ್ತದೆ. ನಾವು ‘ಉಪ್ಪಿನಕಾಯಿ ಹೇಗಿತ್ತು?’ ಅಂತ ಇಟ್ಟೆವು.

ಪ್ರಶ್ನೆಗೆ ಮೊದಲು ಸೆಟ್ಟಿಂಗ್ಸ್ ನೋಡಿ. ‘ಲಿಮಿಟ್ ಟು 1 ರೆಸ್ಪಾನ್ಸ್’ ಆಫ್ ಇರಲಿ. ಅದನ್ನು ಆನ್ ಮಾಡಿದರೆ ಗಿರಾಕಿ ಗೂಗಲ್‌ಗೆ ಲಾಗಿನ್ ಆಗಲೇಬೇಕಾಗುತ್ತದೆ. ಫೋಟೊ ಅಪ್‌ಲೋಡ್ ಪ್ರಶ್ನೆ ಹಾಕಿದರೂ ಅದೇ ಗತಿ. ನಾವು ಮೊದಲ ಸಲ ಆಸೆಯಿಂದ ಫೋಟೊ ಕೇಳಿದ್ದೆವು. ಲಾಗಿನ್ ಪರದೆ ಬಂದ ಕೂಡಲೇ ಜನ ಮುಚ್ಚಿ ಹೋದರು. ನನ್ನ ಸ್ವಂತ ಚಿಕ್ಕಮ್ಮನೇ ‘ಅದೇನೋ ಪಾಸ್‌ವರ್ಡ್ ಕೇಳ್ತದೆ ಮಾರಾಯಾ’ ಅಂತ ಬಿಟ್ಟರು. ಫೋಟೊ ಬೇಕಾದರೆ ವಾಟ್ಸ್‌ಆ್ಯಪ್‌ನಲ್ಲೇ ತರಿಸಿಕೊಳ್ಳಿ.

ಈಗ ಪ್ರಶ್ನೆಗಳು. ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಟೂಲ್ ಯಾವುದಿದ್ದರೂ ಫಲ ಬರುವುದು ಪ್ರಶ್ನೆಯಿಂದ. ‘ನಮ್ಮ ಉತ್ಪನ್ನದ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಬರುವುದು. ಅದರಲ್ಲಿ ತಪ್ಪೇನಿದೆ? ಪ್ರಶ್ನೆ ಎಷ್ಟು ಅಗಲವೋ ಉತ್ತರ ಅಷ್ಟು ತೆಳು. ಅದನ್ನು ತೆಗೆದು ‘ಯಾವುದರ ಜತೆ ತಿಂದಿರಿ? ಮನೆಯಲ್ಲಿ ಮೊದಲು ಯಾರು ರುಚಿ ನೋಡಿದ್ದು, ಏನಂದರು?’ ಅಂತ ಬರೆದೆವು. ಅಲ್ಲಿಂದ ಮೊಸರನ್ನ, ಗಂಜಿ, ದೋಸೆ, ಹಾಸ್ಟೆಲ್‌ನಲ್ಲಿ ಬರೀ ಅನ್ನ ಎಲ್ಲ ಬರತೊಡಗಿದವು. ಟೈಲರ್ ಆದರೆ ‘ರವಿಕೆ ಹಾಕಿಕೊಂಡು ಯಾವ ಕಾರ್ಯಕ್ಕೆ ಹೋಗಿದ್ದಿರಿ?’ ಅಂತ ಕೇಳಿ. ಹೋಮ್‌ಸ್ಟೇ ಆದರೆ ‘ಮಕ್ಕಳು ಮನೆಗೆ ಹೋದ ಮೇಲೆ ಯಾವುದನ್ನು ನೆನೆಸಿಕೊಂಡರು?’

ನಮ್ಮ ಫಾರ್ಮ್ ನಾಲ್ಕು ಭಾಗದ್ದು. ಗೂಗಲ್ ಇದನ್ನು ಸೆಕ್ಷನ್ ಅನ್ನುತ್ತದೆ.

ಮೊದಲನೆಯದರಲ್ಲಿ ಎರಡೇ ಪ್ರಶ್ನೆ. ‘ಪಾರ್ಸೆಲ್ ತೆರೆದಾಗ ಹೇಗಿತ್ತು?’ ಅಂತ ಒಂದು, ಎಲ್ಲರಿಗೂ. ಇನ್ನೊಂದು ‘ರುಚಿ ಹೇಗಿತ್ತು?’, ಅದಕ್ಕೆ ಮೂರು ಉತ್ತರ: ತುಂಬ ಇಷ್ಟವಾಯಿತು, ಪರವಾಗಿಲ್ಲ, ಇಷ್ಟವಾಗಲಿಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ನಕ್ಷತ್ರ ಕೊಡುವ ರೇಟಿಂಗ್ ಪ್ರಶ್ನೆಯೂ ಇದೆ, ನೋಡಲು ಚೆಂದ. ಆದರೆ ಉತ್ತರ ನೋಡಿ ಬೇರೆ ಬೇರೆ ಸೆಕ್ಷನ್‌ಗೆ ಕಳಿಸುವ ಸೌಲಭ್ಯ ಮಲ್ಟಿಪಲ್ ಚಾಯ್ಸ್ ಮತ್ತು ಡ್ರಾಪ್‌ಡೌನ್ ಪ್ರಶ್ನೆಗೆ ಮಾತ್ರ. ಪ್ರಶ್ನೆಯ ಕೆಳಗಡೆ ಬಲತುದಿಯ ಮೂರು ಚುಕ್ಕಿ ಒತ್ತಿದರೆ ‘ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್’ ಅಂತ ಸಿಗುತ್ತದೆ.

ಇಷ್ಟವಾಯಿತು ಅಂದವರು ಎರಡನೆಯ ಸೆಕ್ಷನ್‌ಗೆ. ಯಾವುದರ ಜತೆ ತಿಂದಿರಿ ಅನ್ನುವುದು ಅಲ್ಲಿರುತ್ತದೆ. ಉಳಿದ ಎರಡು ಉತ್ತರ ಒತ್ತಿದವರು ಮೂರನೆಯದಕ್ಕೆ: ‘ಏನು ಸರಿಯಾಗಲಿಲ್ಲ? ನಾವು ಫೋನ್ ಮಾಡಬಹುದಾ?’ ನಾಲ್ಕನೆಯದು ಒಪ್ಪಿಗೆ, ಅದಕ್ಕೆ ಆಮೇಲೆ ಬರುತ್ತೇನೆ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದೆ. ಎರಡನೆಯ ಸೆಕ್ಷನ್ ಮುಗಿದ ಮೇಲೆ ಗೂಗಲ್ ತಾನಾಗಿ ಮೂರನೆಯದಕ್ಕೆ ಕರೆದೊಯ್ಯುತ್ತದೆ. ಹೊಗಳಿ ಬರೆದವರಿಗೇ ‘ಏನು ಸರಿಯಾಗಲಿಲ್ಲ?’ ಅಂತ ಕೇಳಿದಂತಾಯಿತು. ‘ಎಲ್ಲ ಸರಿಯಿದೆ ಅಂದೆನಲ್ಲ’ ಅಂತ ಒಬ್ಬರು ಸಿಟ್ಟಿನಲ್ಲೇ ಬರೆದಿದ್ದರು. ಸೆಕ್ಷನ್‌ನ ತಳದಲ್ಲಿ ‘ಆಫ್ಟರ್ ಸೆಕ್ಷನ್ 2’ ಅಂತ ಸಣ್ಣದಾಗಿರುತ್ತದೆ, ಅಲ್ಲಿ ನಾಲ್ಕಕ್ಕೆ ಹೋಗು ಅಂತ ಹಾಕಿ. ಮೂರನೆಯದರ ಕೊನೆಗೆ ‘ಸಬ್‌ಮಿಟ್ ಫಾರ್ಮ್’ ಹಾಕಿ.

ಕಡ್ಡಾಯದ ಕೆಂಪು ಚುಕ್ಕೆ ರುಚಿ ಪ್ರಶ್ನೆಗೆ ಮತ್ತು ಒಪ್ಪಿಗೆಗೆ ಮಾತ್ರ ಸಾಕು.

0ಯಿಂದ 10ರವರೆಗೆ ಅಂಕ ಕೇಳುವ ಪದ್ಧತಿ ಗೊತ್ತಿರಬಹುದು, ‘ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ?’ ಅನ್ನುವುದು. ಅದಕ್ಕೆ ನೆಟ್ ಪ್ರಮೋಟರ್ ಸ್ಕೋರ್, ಚಿಕ್ಕದಾಗಿ ಎನ್‌ಪಿಎಸ್ ಅಂತ ಹೆಸರು. ಫ್ರೆಡ್ ರೈಖೆಲ್ಡ್ ಎಂಬ ಅಮೆರಿಕದವರು 2003ರಲ್ಲಿ ಚಾಲ್ತಿಗೆ ತಂದದ್ದು. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ, 7 ಮತ್ತು 8 ಲೆಕ್ಕಕ್ಕಿಲ್ಲ. ದೊಡ್ಡ ಕಂಪನಿಗಳಿಗೆ ಸರಿ. ನಿಮಗೆ ಬರುವುದು 20 ಉತ್ತರ ಅಂದರೆ, ಒಬ್ಬರು 9ರ ಬದಲು 6 ಒತ್ತಿದರೆ ಅಂಕ 10 ಇಳಿದುಬಿಡುತ್ತದೆ. ಅದರ ಮೇಲೆ, ನೂರಕ್ಕೆ ಎಂಬತ್ತು ಬಂದರೆ ಪೇಡೆ ಹಂಚುವ ನಮ್ಮ ಜನ 8 ಕೊಟ್ಟದ್ದನ್ನು ‘ಲೆಕ್ಕಕ್ಕಿಲ್ಲ’ ಅಂದರೆ ಹೇಗೆ? ನಾನಂತೂ ಬಿಟ್ಟೆ.

ಒಪ್ಪಿಗೆಯ ಪ್ರಶ್ನೆ

ನಾಲ್ಕನೆಯ ಸೆಕ್ಷನ್‌ನಲ್ಲಿ ಹೀಗಿದೆ: ‘ನೀವು ಬರೆದದ್ದನ್ನು ಲೇಬಲ್‌ನಲ್ಲಿ, ವಾಟ್ಸ್‌ಆ್ಯಪ್ ಕ್ಯಾಟಲಾಗ್‌ನಲ್ಲಿ ಹಾಕಬಹುದಾ?’ ಉತ್ತರ ಮೂರು. ಹೆಸರು, ಊರು ಎರಡೂ ಹಾಕಿ. ಊರು ಮಾತ್ರ ಹಾಕಿ. ಬೇಡ, ಇದು ನಿಮಗೆ ಮಾತ್ರ. ಕೆಳಗೆ ಒಂದು ಸಾಲು: ‘ಮುಂದೆ ಯಾವಾಗ ಬೇಡ ಅನ್ನಿಸಿದರೂ ಒಂದು ಮೆಸೇಜ್ ಮಾಡಿ, ತೆಗೆಯುತ್ತೇವೆ.’

ಇದು ಮರ್ಯಾದೆಯ ಮಾತೂ ಹೌದು, ಕಾನೂನಿನ ಮಾತೂ ಹೌದು. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಜಾರಿ ಹಂತ ಹಂತವಾಗಿ. ಯಾವುದಕ್ಕೆ ಬಳಸುತ್ತೇವೆ ಅಂತ ಸರಳವಾಗಿ ಹೇಳಿ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ದಾರಿಯೂ ಇರಬೇಕು. ಈ ಕೋರಿಕೆಯನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲೋ ಓದುವ ಆಯ್ಕೆ ಜನರಿಗಿರಬೇಕು ಅಂತ ಕಾಯ್ದೆಯಲ್ಲೇ ಇದೆ. ಕನ್ನಡ ಆ 22ರಲ್ಲಿ ಒಂದು. ಹಾಗಾಗಿ ಕನ್ನಡದಲ್ಲಿ ಕೇಳಲು ಸಂಕೋಚ ಬೇಡ. ಇನ್ನು ಟ್ಯೂಷನ್ ನಡೆಸುವವರು: 18 ತುಂಬದ ಮಕ್ಕಳ ಹೆಸರು, ಫೋಟೊ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ.

ಯಾವಾಗ ಕಳಿಸಬೇಕು

ಪಾರ್ಸೆಲ್ ತಲುಪಿದ ದಿನವೇ ಕೇಳಿದರೆ ‘ಸಿಕ್ತು’ ಅಂತ ಬರುತ್ತದೆ. ತಿಂಗಳು ಬಿಟ್ಟು ಕೇಳಿದರೆ ಬಾಟಲಿ ಖಾಲಿಯಾಗಿ ನೆನಪೂ ಹೋಗಿರುತ್ತದೆ. ನಾವು ಆರೇಳು ದಿನಕ್ಕೆ ಕೇಳುತ್ತೇವೆ, ಅದೂ ಮಧ್ಯಾಹ್ನ ಎರಡರ ಸುಮಾರಿಗೆ, ಊಟ ಮುಗಿದು ಫೋನ್ ಹಿಡಿಯುವ ಹೊತ್ತು. ಹೋಮ್‌ಸ್ಟೇಯವರಿಗೆ ಅತಿಥಿ ಮನೆ ಸೇರಿದ ಮಾರನೇ ದಿನ ಸಂಜೆ ಒಳ್ಳೆಯದು. ಟೈಲರ್‌ಗಳು ಬಟ್ಟೆ ಕೊಟ್ಟ ದಿನ ಕೇಳಬೇಡಿ, ಮದುವೆ ಮುಗಿಯಲಿ.

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಇದ್ದರೆ ಬಿಸಿನೆಸ್ ಟೂಲ್ಸ್ ಒಳಗೆ ಕ್ವಿಕ್ ರಿಪ್ಲೈಸ್ ಇದೆ. ಮೆಸೇಜ್ ಒಮ್ಮೆ ಬರೆದಿಟ್ಟರೆ ಓರೆಗೆರೆ (/) ಹಾಕಿ ಶಾರ್ಟ್‌ಕಟ್ ಒತ್ತಿದಾಗ ಬರುತ್ತದೆ. ನಮ್ಮ ಮೆಸೇಜ್ ಇದು:

‘ನಮಸ್ಕಾರ. ಹೋದ ವಾರ ಕಳಿಸಿದ ಮಿಡಿ ಉಪ್ಪಿನಕಾಯಿ ತೆರೆದಿರಾ? ಹೇಗಿತ್ತು ಅಂತ ಎರಡು ಸಾಲು ಬರೆದರೆ ಮುಂದಿನ ಭರಣಿಗೆ ಅನುಕೂಲ. ಎರಡು ನಿಮಿಷದ ಕೆಲಸ. ಬರೆಯಲು ಬೇಜಾರಾದರೆ ಇಲ್ಲೇ ವಾಯ್ಸ್ ಕಳಿಸಿ.’ ಕೆಳಗೆ ಫಾರ್ಮ್‌ನ ಲಿಂಕ್. ಶುರುವಿನಲ್ಲಿ ಅವರ ಹೆಸರು ಕೈಯಾರೆ ಸೇರಿಸಿ, ಅಷ್ಟು ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದೇ ಸಲ ಎಲ್ಲರಿಗೂ ಬಿಡುವ ಆಸೆ ಆಗುತ್ತದೆ. ಆದರೆ ಅದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುವುದು, ತಲುಪಿದರೂ ಗುಡ್ ಮಾರ್ನಿಂಗ್ ಮೆಸೇಜ್‌ನ ಗತಿ. ಒಬ್ಬೊಬ್ಬರಿಗೇ ಕಳಿಸಿ. ಬಿಸಿನೆಸ್ ಆ್ಯಪ್‌ನಲ್ಲಿ ಚಾಟ್‌ಗೆ ಲೇಬಲ್ ಹಚ್ಚುವ ಸೌಲಭ್ಯ ಇದೆಯಲ್ಲ, ‘ಕೇಳಿದ್ದೇನೆ’, ‘ಬರೆದರು’ ಅಂತ ಎರಡು ಮಾಡಿಕೊಂಡರೆ ಒಬ್ಬರನ್ನೇ ಎರಡು ಸಲ ಕೇಳುವ ಮುಜುಗರ ತಪ್ಪುತ್ತದೆ. ನೆನಪಿಸುವುದು ಒಂದೇ ಸಲ. ಆಮೇಲೂ ಬರೆಯದಿದ್ದರೆ ಬಿಟ್ಟುಬಿಡಿ.

ಕ್ಯೂಆರ್ ಕೋಡ್ ಪ್ರಸಂಗ

ಫಾರ್ಮ್‌ನ ಲಿಂಕ್ ಅನ್ನು ಕ್ರೋಮ್‌ನಲ್ಲಿ ತೆರೆದು ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಮಾಡಿಕೊಡುತ್ತದೆ. ಅದನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿದೆವು. ಒಬ್ಬರೂ ತೆರೆಯಲಿಲ್ಲ. ಯಾಕಪ್ಪಾ ಅಂತ ಒಬ್ಬ ಗಿರಾಕಿಯನ್ನೇ ಕೇಳಿದರೆ, ‘ದುಡ್ಡು ಆಗಲೇ ಹಾಕಿದ್ದೆನಲ್ಲ, ಮತ್ತೆ ಸ್ಕ್ಯಾನ್ ಯಾಕೆ ಅಂತ ಬಿಟ್ಟೆ’ ಅಂದರು. ಹೌದಲ್ವಾ! ಎಳನೀರಿನವನಿಂದ ಹಿಡಿದು ಎಲ್ಲರ ಹತ್ತಿರವೂ ಯುಪಿಐ ಕೋಡ್ ಇರುವಾಗ ಆ ಕಪ್ಪು ಚೌಕ ನೋಡಿದರೆ ನೆನಪಾಗುವುದೇ ದುಡ್ಡು. ಈಗ ಕೋಡ್‌ನ ಮೇಲೆ ದಪ್ಪಕ್ಷರದಲ್ಲಿ ‘ಇದು ಹಣ ಕಟ್ಟುವ ಕೋಡ್ ಅಲ್ಲ. ರುಚಿ ಹೇಗಿತ್ತು ಹೇಳಿ’ ಅಂತ ಹಾಕಿದ್ದೇವೆ.

ಮುಚ್ಚಳದಿಂದಲೂ ತೆಗೆದೆವು. ಎಣ್ಣೆ ಕೈ ತಾಗಿ ಎರಡೇ ದಿನಕ್ಕೆ ಕಲೆಯಾಗುತ್ತಿತ್ತು. ಈಗ ಪಾರ್ಸೆಲ್ ಒಳಗೆ ಬೇರೆ ಚೀಟಿ. ಅಚ್ಚು ಹಾಕಿಸುವ ಮೊದಲು ಒಂದೇ ಒಂದು ಪ್ರತಿ ತೆಗೆದು ಮನೆಯ ಹಳೇ ಫೋನ್‌ನಲ್ಲಿ, ಸಂಜೆ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಬರೆಯದವರ ಮಾತು

ನಮ್ಮಲ್ಲಿ ಮಾತಾಡುವವರು ಜಾಸ್ತಿ, ಬರೆಯುವವರು ಕಡಿಮೆ. ಹಾಗಾಗಿ ಒಳ್ಳೆಯ ಮಾತು ಬರುವುದು ವಾಯ್ಸ್ ಮೆಸೇಜ್‌ನಲ್ಲಿ. ಅದನ್ನು ಅಕ್ಷರಕ್ಕಿಳಿಸುವುದು ನಿಮ್ಮ ಕೆಲಸ. ಕೇಳುತ್ತಾ ನೀವೇ ಜೋರಾಗಿ ಹೇಳಿ, ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ಕನ್ನಡ ವಾಯ್ಸ್ ಟೈಪಿಂಗ್ ಬರೆದುಕೊಳ್ಳುತ್ತದೆ, ಆಮೇಲೆ ತಪ್ಪು ತಿದ್ದಿ.

ಧಾರವಾಡ ಕಡೆಯ ಒಬ್ಬರು ಕಳಿಸಿದ್ದು ಹೀಗಿತ್ತು: ‘ಅಕ್ಕಾರ, ನನಗ ಬರ್ಯಾಕ ಬರಂಗಿಲ್ಲ ನೋಡ್ರಿ, ಅದಕ್ಕ ಹೇಳಾಕತ್ತೀನಿ. ನಮ್ಮ ಮನ್ಯಾಗ ಇಂಥ ಸಣ್ಣ ಮಿಡಿ ಉಪ್ಪಿನಕಾಯಿ ನೋಡೇ ಇರಲಿಲ್ಲ. ರೊಟ್ಟಿ ಜೋಡಿ ಕಚ್ಚಿದ್ರ ಸೊನಿ ವಾಸನಿ ಘಮ್ ಅಂತದ. ಉಪ್ಪು ಒಂಚೂರು ಮುಂದಾತು. ಆದ್ರೂ ಬಾಟ್ಲಿ ವಾರದಾಗ ಖಾಲಿ. ಕೊರಿಯರ್‌ನವ ಎರಡು ದಿನ ತಡಾ ಮಾಡಿದ, ಅದು ನಿಮ್ಮ ತಪ್ಪಲ್ಲ ಬಿಡ್ರಿ.’

ಲೇಬಲ್‌ಗೆ ತೆಗೆದುಕೊಂಡದ್ದು: ‘ರೊಟ್ಟಿ ಜೋಡಿ ಕಚ್ಚಿದ್ರ ಸೊನಿ ವಾಸನಿ ಘಮ್ ಅಂತದ. ಉಪ್ಪು ಒಂಚೂರು ಮುಂದಾತು. ಆದ್ರೂ ಬಾಟ್ಲಿ ವಾರದಾಗ ಖಾಲಿ.’

ಉಪ್ಪಿನ ಮಾತು ತೆಗೆಯಬೇಕು ಅಂತ ಅತ್ತಿಗೆ ಹಟ ಹಿಡಿದರು. ಮಿಡಿಯನ್ನು ಉಪ್ಪಿನಲ್ಲಿ ವಾರಗಟ್ಟಲೆ ಹಾಕಿಡುವುದು, ಉಪ್ಪು ಇರದೆ ಇರುತ್ತದಾ ಅಂತ ಅವರ ವಾದ. ನಾನು ಇರಲಿ ಅಂದೆ. ಅದನ್ನು ತೆಗೆದರೆ ‘ಆದ್ರೂ’ ಅನ್ನುವ ಪದಕ್ಕೆ ಅರ್ಥವೇ ಇರುವುದಿಲ್ಲ, ಓದುವವನಿಗೆ ಇದು ನಾವೇ ಬರೆದದ್ದು ಅನ್ನಿಸುತ್ತದೆ. ಕೊನೆಗೆ ಉಳಿಯಿತು. ಅವರ ಕನ್ನಡವನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಉದ್ದ ಕತ್ತರಿಸಬಹುದು, ಹೊಸ ಪದ ಸೇರಿಸುವಂತಿಲ್ಲ. ಕತ್ತರಿಸಿದ್ದನ್ನು ಅವರಿಗೇ ವಾಪಸ್ ಕಳಿಸಿ ‘ಹೀಗೆ ಹಾಕಲಾ?’ ಅಂತ ಕೇಳಿ. ಅವರ ‘ಹೂಂ’ ಚಾಟ್‌ನಲ್ಲಿ ಇರಲಿ.

ಮಾಡಬಾರದ್ದು ಕೆಲವು

ನಿಮ್ಮಲ್ಲಿಗೆ ಗಿರಾಕಿ ಬರುವುದಾದರೆ, ಅಥವಾ ನೀವು ಅವರಲ್ಲಿಗೆ ಹೋಗುವುದಾದರೆ, ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅಂದರೆ ಗೂಗಲ್ ಸರ್ಚ್, ಮ್ಯಾಪ್ಸ್‌ನಲ್ಲಿ ನಿಮ್ಮ ವ್ಯಾಪಾರದ ವಿವರ ಕಾಣುವ ಪುಟ. ಆನ್‌ಲೈನ್‌ನಲ್ಲಿ ಮಾತ್ರ ಮಾರುವವರಿಗೆ ಅದು ಇಲ್ಲ. ಪ್ರೊಫೈಲ್ ಆದ ಮೇಲೆ ರಿವ್ಯೂ ಕೇಳಲು ಗೂಗಲ್ಲೇ ಲಿಂಕ್ ಮತ್ತು ಕ್ಯೂಆರ್ ಕೋಡ್ ಕೊಡುತ್ತದೆ. ಆದರೆ ಫಾರ್ಮ್‌ನಲ್ಲಿ ‘ಇಷ್ಟವಾಯಿತು’ ಅಂದವರಿಗೆ ಮಾತ್ರ ಗೂಗಲ್ ಲಿಂಕ್ ತೋರಿಸಿ, ಬೇಜಾರಾದವರನ್ನು ಒಳಗೇ ಇಟ್ಟುಕೊಳ್ಳುವ ಉಪಾಯ ಇದೆಯಲ್ಲ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಕೇಳಿದರೆ ಎಲ್ಲರನ್ನೂ ಕೇಳಿ. ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ, ಹಪ್ಪಳದ ಕಟ್ಟು ಕೊಡುವುದೂ ಸಲ್ಲದು.

ಮನೆಯವರ ಕೈಲಿ ಬರೆಸುವುದೂ ಬೇಡ. 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಂದ ಮಾರ್ಗಸೂಚಿ ಪ್ರಕಾರ ಹೊಗಳುವವರ ಅಭಿಪ್ರಾಯ ನಿಜವಾಗಿರಬೇಕು, ಸಂಬಂಧ ಇದ್ದರೆ ಅದನ್ನು ಹೇಳಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮೊದಲ ತಪ್ಪಿಗೇ ದಂಡ 10 ಲಕ್ಷ ರೂಪಾಯಿವರೆಗೆ ಇದೆ. ಅದೇ ವರ್ಷ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಭಾರತೀಯ ಮಾನದಂಡವೂ ಬಂತು. ಅದನ್ನು ಸ್ವಇಚ್ಛೆಯಿಂದ ಪಾಲಿಸುವುದು ಅಂತಲೇ ತಂದದ್ದು.

ತಿನ್ನುವ ವಸ್ತು ಮಾರುವವರಿಗೆ ಇನ್ನೊಂದು. ‘ನಿಮ್ಮ ಕೋಕಂ ಕುಡಿದು ನಮ್ಮ ಯಜಮಾನರ ಶುಗರ್ ಇಳಿಯಿತು’ ಅಂತ ಯಾರಾದರೂ ಪ್ರೀತಿಯಿಂದಲೇ ಬರೆಯುತ್ತಾರೆ. ಹಾಕಬೇಡಿ. ಅವರು ಹೇಳಿದ್ದು ಅವರ ಮಾತು, ನೀವು ಲೇಬಲ್‌ಗೆ ಹಾಕಿದ ಕ್ಷಣ ಅದು ನಿಮ್ಮ ಜಾಹೀರಾತು. ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆ ಅಂತ ಔಷಧಿಯವರೇ ಜಾಹೀರಾತು ಕೊಡದಂತೆ 1954ರ ಕಾನೂನಿದೆ. ಉಪ್ಪಿನಕಾಯಿಯವರಿಗೆ ಯಾಕೆ ಬೇಕು ಆ ಉಸಾಬರಿ?

ಬಂದದ್ದನ್ನು ಓದುವುದು

ರೆಸ್ಪಾನ್ಸಸ್ ಟ್ಯಾಬ್‌ನಲ್ಲಿ ‘ಲಿಂಕ್ ಟು ಶೀಟ್ಸ್’ ಒತ್ತಿ. ಪಕ್ಕದ ಮೂರು ಚುಕ್ಕಿಯಲ್ಲಿ ಹೊಸ ಉತ್ತರ ಬಂದಾಗ ಇಮೇಲ್ ಬರುವಂತೆ ಮಾಡಿಕೊಳ್ಳಬಹುದು. ಶೀಟ್‌ನ ಕೊನೆಗೆ ನೀವೇ ಒಂದು ಕಾಲಂ ಸೇರಿಸಿ, ‘ಏನು ಮಾಡಿದೆವು’ ಅಂತ. ನಮ್ಮನೆಯಲ್ಲಿ ಶನಿವಾರ ಸಂಜೆ ಚಾ ಹೊತ್ತಿಗೆ ಅದನ್ನು ಓದುತ್ತೇವೆ.

ಆ ಕಾಲಂನ ಮೊದಲ ಸಾಲುಗಳೆಲ್ಲ ಎಣ್ಣೆ. ಪಾರ್ಸೆಲ್ ಹೇಗಿತ್ತು ಅನ್ನುವ ಪ್ರಶ್ನೆಗೆ ಮೊದಲ ಹನ್ನೊಂದು ಜನರಲ್ಲಿ ನಾಲ್ವರು ‘ಸ್ವಲ್ಪ ಎಣ್ಣೆ ಸೋರಿತ್ತು’ ಅಂದಿದ್ದರು. ಅದರಲ್ಲಿ ಮೂವರು ರುಚಿ ತುಂಬ ಇಷ್ಟವಾಯಿತು ಅಂತಲೇ ಒತ್ತಿದವರು! ಎರಡು ವರ್ಷದಿಂದ ಸೋರುತ್ತಿತ್ತೋ ಏನೋ, ಒಬ್ಬರೂ ಹೇಳಿರಲಿಲ್ಲ. ಅತ್ತಿಗೆ ಬಾಟಲಿಯನ್ನು ಕಂಠದವರೆಗೆ ತುಂಬುತ್ತಿದ್ದರು, ಕಡಿಮೆ ಕೊಟ್ಟರು ಅನ್ನಿಸಬಾರದು ಅಂತ. ಈಗ ಒಂದು ಬೆರಳು ಜಾಗ ಬಿಡುತ್ತಾರೆ, ಮುಚ್ಚಳದ ಕೆಳಗೆ ಸೀಲ್ ಹಾಕುತ್ತಾರೆ. ಆ ನಾಲ್ವರಿಗೂ ಫೋನ್ ಮಾಡಿ ಹೀಗೆ ಬದಲಾಯಿಸಿದೆವು ಅಂತ ತಿಳಿಸಿದೆವು. ಇಬ್ಬರು ಅಲ್ಲೇ ಮತ್ತೊಂದು ಕೆಜಿ ಹೇಳಿದರು.

ಒಳ್ಳೆಯ ಮಾತುಗಳನ್ನು ಎಲ್ಲಿ ಹಾಕಬೇಕು? ಗಿರಾಕಿ ಅನುಮಾನ ಪಡುವ ಜಾಗದಲ್ಲಿ. ಪಾರ್ಸೆಲ್ ಸೋರುತ್ತದಾ ಅಂತ ಕೇಳುವವರಿಗೆ ಪಾರ್ಸೆಲ್ ಬಗ್ಗೆ ಬರೆದವರ ಮಾತು, ಬೆಲೆ ಜಾಸ್ತಿ ಅನ್ನುವವರಿಗೆ ಮಿಡಿಯ ಗುಣ ಹೇಳಿದವರ ಮಾತು. ಕ್ಯಾಟಲಾಗ್‌ನಲ್ಲಿ ಒಂದೊಂದು ವಸ್ತುವಿನ ವಿವರಣೆಗೆ ಒಂದೇ ಮಾತು ಸಾಕು.

ಅಚ್ಚಿಗೆ ಕೊಡುವಾಗ ಮಾತ್ರ ಹುಷಾರು. ಮೊದಲ ಲೇಬಲ್‌ನಲ್ಲಿ ಒಬ್ಬರ ಹೆಸರು, ಊರು ಎರಡೂ ಹಾಕಿದ್ದೆವು, ಅವರೇ ಒಪ್ಪಿದ್ದರು. ಎರಡು ತಿಂಗಳಿಗೆ ಅವರಿಂದ ಮೆಸೇಜ್ ಬಂತು, ಆಫೀಸಿನಲ್ಲಿ ಎಲ್ಲರೂ ‘ಉಪ್ಪಿನಕಾಯಿ ಮೇಡಂ’ ಅಂತ ಕರೀತಿದ್ದಾರೆ, ದಯವಿಟ್ಟು ತೆಗೀರಿ ಅಂತ. ಕ್ಯಾಟಲಾಗ್‌ನಿಂದ ಎರಡು ನಿಮಿಷದಲ್ಲಿ ತೆಗೆದೆ. ಆದರೆ ಅಚ್ಚಾಗಿ ಬಂದ ಮುನ್ನೂರು ಲೇಬಲ್ ಅಟ್ಟದ ಮೇಲಿತ್ತು. ಅತ್ತಿಗೆ ಮತ್ತು ನಾನು ಒಂದು ರಾತ್ರಿ ಕರಿ ಮಾರ್ಕರ್ ಹಿಡಿದು ಕೂತು ಒಂದೊಂದರಲ್ಲೂ ಹೆಸರು ಅಳಿಸಿದೆವು. ಈಗ ಅಚ್ಚಿಗೆ ಹೋಗುವುದು ಊರಿನ ಹೆಸರು ಮಾತ್ರ.